ಶೂನ್ಯದ ಲೆಕ್ಕ

ಊರು ಬಿಟ್ಟು ಹೋಗುವವನು ಮನೆಗೆ ಬೀಗ ಹಾಕಬಹುದು. ಹೊಲವನ್ನು ವಾರಕ್ಕೆ ಕೊಡಬಹುದು. ನೆಂಟರಿಷ್ಟರಿಗೆ ಹೇಳಿ ಹೊರಡಬಹುದು. ಆದರೆ ಸರ್ಕಾರದ ಕಡತದಲ್ಲಿರುವ ಅವನ ಹೆಸರು ಅವನೊಡನೆ ಗಾಡಿಯೇರಿ ಬರುವುದಿಲ್ಲ. ಅದು ಇದ್ದಲ್ಲಿಯೇ ಇರುತ್ತದೆ. ಖಾತೆಯನ್ನು ಅವನು ತಾನಾಗಿ ಬದಲಾಯಿಸಿಕೊಳ್ಳುವವರೆಗೂ ಕಂದಾಯದ ಪ್ರಶ್ನೆಯು ಆ ಹೆಸರನ್ನೇ ಹುಡುಕಿಕೊಂಡು ಬರುವುದು. ಹಳೆಯ ಮೈಸೂರು ಸೀಮೆಯ ಶಾನುಭೋಗರ ಮನೆಗಳಲ್ಲಿ ಇದು ಮಕ್ಕಳಿಗೂ ತಿಳಿದಿದ್ದ ಮಾತು. ಅಂತಹದೇ ಒಂದು ಮನೆಯಲ್ಲಿ ಹುಟ್ಟಿದವನೊಬ್ಬನು ಈ ಮಾತನ್ನು ಮರೆತು, ಐವತ್ತು ದಾಟಿದ ಮೇಲೆ ಅದನ್ನು ಪುನಃ ಕಲಿಯಬೇಕಾಗಿ ಬಂದ ಸಂಗತಿಯು ವಿಚಾರಾರ್ಹವಾದುದು. ಮಕ್ಕಳನ್ನು ಕಡಲಾಚೆಗೆ ಕಳುಹಿಸಿರುವ ಮನೆಗಳು ಈಗ ಬೀದಿಬೀದಿಗೂ ಇರುವುದರಿಂದ, ವಾಚಕರು ಇದನ್ನು ಪರರ ಮನೆಯ ಕಥೆಯೆಂದು ತಳ್ಳಿಬಿಡಲಾರರು.

ಆತನ ತಾತ ಮಂಡ್ಯದ ಕಡೆಯ ಒಂದು ಗ್ರಾಮದ ಶಾನುಭೋಗರು. ತಂದೆಯವರು ಬಾಲ್ಯದಲ್ಲಿ ಪಹಣಿಯ ಹಾಳೆಗಳಿಗೆ ಗೆರೆ ಎಳೆದುಕೊಟ್ಟು, ಜಮಾಬಂದಿಯ ದಿನ ಅಧಿಕಾರಿಗಳ ಮುಂದೆ ಕಡತದ ಕಟ್ಟುಗಳನ್ನು ಹೊತ್ತು ನಿಂತವರು. ೧೯೬೧ರ ಅಧಿನಿಯಮದಿಂದ ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳು ರದ್ದಾಗಲು, ಅವರು ಅಂಚೆಯ ಇಲಾಖೆಯನ್ನು ಸೇರಿ, ಪೋಸ್ಟ್ ಮಾಸ್ಟರಾಗಿ ನಿವೃತ್ತರಾಗಿ, ಮೈಸೂರಿನಲ್ಲಿ ನೆಲೆಸಿದರು. ಮಗನು ಇಂಜಿನಿಯರಿಂಗ್ ವಿದ್ಯೆಯನ್ನು ಮುಗಿಸಿ ೧೯೯೬ರಲ್ಲಿ ಅಮೆರಿಕಾಕ್ಕೆ ತೆರಳಿದನು. ೨೦೧೦ರಲ್ಲಿ ಆ ದೇಶದ ಪೌರತ್ವವನ್ನು ಪಡೆದನು. ಭಾರತದ ಕಾನೂನು ಏಕಕಾಲದಲ್ಲಿ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲವಾದುದರಿಂದ ಇಲ್ಲಿಯ ಪಾಸ್‌ಪೋರ್ಟನ್ನು ಒಪ್ಪಿಸಿ, ‘ಸಾಗರೋತ್ತರ ಭಾರತೀಯ ನಾಗರಿಕ’ನೆಂಬ ಚೀಟಿಯನ್ನು ತೆಗೆದುಕೊಂಡನು. ಹೆಸರಿನಲ್ಲಿ ‘ನಾಗರಿಕ’ನೆಂದಿದ್ದರೂ ಅದು ಪೌರತ್ವವಲ್ಲ, ಬಂದು ಇರುವುದಕ್ಕೂ ದುಡಿಯುವುದಕ್ಕೂ ದೊರೆಯುವ ಅನುಮತಿ ಮಾತ್ರ.

೨೦೧೬ರಲ್ಲಿ ಆತನ ಪತ್ನಿಯು ತೀರಿಕೊಂಡಳು. ೨೦೧೯ರಲ್ಲಿ ತಂದೆಯವರು ಬಚ್ಚಲಿನಲ್ಲಿ ಜಾರಿಬಿದ್ದು ತೊಡೆಯ ಮೂಳೆಯನ್ನು ಮುರಿದುಕೊಂಡರು. ಮಗಳು ಅಲ್ಲಿಯೇ ಕಾಲೇಜಿನಲ್ಲಿ ಓದುತ್ತಿದ್ದಳು. ಆತನು ಕೆಲಸವನ್ನು ಬಿಟ್ಟು ಮೈಸೂರಿಗೆ ಬಂದು ನಿಂತನು. ಮರುವರ್ಷವೇ ಕೊರೋನಾ ವ್ಯಾಧಿಯು ಹಬ್ಬಿ ಲೋಕದ ಪಾಠಶಾಲೆಗಳೆಲ್ಲ ಮುಚ್ಚಿದವು. ಅಮೆರಿಕಾದಲ್ಲಿದ್ದ ಮಿತ್ರರ ಮಕ್ಕಳಿಗೆ ಭಿನ್ನರಾಶಿಯನ್ನು ಹೇಳಿಕೊಡಲು ಆರಂಭಿಸಿದ ಆತನು, ಆ ಪಾಠಗಳನ್ನು ಚಿತ್ರಮುದ್ರಿಸಿ, ತನ್ನದೇ ಒಂದು ಅಂತರ್ಜಾಲದ ಅಂಗಡಿಯನ್ನು ತೆರೆದು ಮಾರತೊಡಗಿದನು. ಶೂನ್ಯವೆಂದರೇನು, ಋಣಸಂಖ್ಯೆಯೆಂದರೇನು ಎಂಬುದನ್ನು ಕೊಬ್ಬರಿ ಬಟ್ಟಲು, ಕಡಲೆಕಾಯಿಗಳನ್ನಿಟ್ಟು ವಿವರಿಸುವ ಆತನ ಕ್ರಮವು ಮಕ್ಕಳಿಗೆ ಹಿಡಿಸಿತು. ಖರ್ಚು ಕಳೆದು ವರ್ಷಕ್ಕೆ ಸುಮಾರು ೩೦,೦೦೦ ಡಾಲರುಗಳು ಉಳಿಯುವಷ್ಟರ ಮಟ್ಟಿಗೆ ವ್ಯಾಪಾರವು ಬೆಳೆಯಿತು. ಕೊಳ್ಳುವವರಲ್ಲಿ ಬಹುಮಂದಿ ಅಮೆರಿಕಾದವರು; ಜರ್ಮನಿಯಲ್ಲಿ ನೆಲೆಸಿದ್ದ ಕೆಲವು ಕನ್ನಡ ಕುಟುಂಬಗಳೂ ಇದ್ದವು.

ಆತನು ಕರವನ್ನು ವಂಚಿಸುವ ಮನುಷ್ಯನಲ್ಲ. ವರ್ಷದಲ್ಲಿ ೧೮೨ ದಿನಗಳು ಈ ದೇಶದಲ್ಲಿದ್ದವನು ಆದಾಯ ತೆರಿಗೆಯ ಮಟ್ಟಿಗೆ ಇಲ್ಲಿಯ ನಿವಾಸಿಯೆಂದು ಆತನಿಗೆ ಗೊತ್ತಿತ್ತು. ಬಹುಕಾಲ ಹೊರಗಿದ್ದು ಮರಳಿದವರಿಗೆ ಮೊದಲ ಕೆಲವು ವರ್ಷ ಹೊರದೇಶದ ವರಮಾನದ ಮೇಲೆ ಇಲ್ಲಿ ವಿನಾಯಿತಿಯುಂಟಾದರೂ, ಇಲ್ಲಿ ಕುಳಿತು ನಡೆಸುವ ವ್ಯವಹಾರಕ್ಕೆ ಆ ವಿನಾಯಿತಿಯು ಸಲ್ಲದೆಂಬುದನ್ನೂ ವಿಚಾರಿಸಿ ತಿಳಿದುಕೊಂಡು, ಮೊದಲ ವರ್ಷದಿಂದಲೇ ಪೂರ್ತಿ ತೆರಿಗೆಯನ್ನು ಕಟ್ಟಿದನು. ಸೇವೆಯನ್ನು ಹೊರದೇಶಕ್ಕೆ ಮಾರುವವನಿಗೆ ಸರಕು ಮತ್ತು ಸೇವಾ ತೆರಿಗೆಯ ದರವು ಶೂನ್ಯ. ಹಾಗಿದ್ದರೂ ವಾರ್ಷಿಕ ವಹಿವಾಟು ೨೦ ಲಕ್ಷ ರೂಪಾಯಿಗಳನ್ನು ಮೀರಿದಲ್ಲಿ ನೋಂದಣಿ ಮಾಡಿಸಬೇಕು. ತೆರಿಗೆಯನ್ನು ಕಟ್ಟದೆಯೇ ಸೇವೆಯನ್ನು ರಫ್ತು ಮಾಡಲು ವರ್ಷವರ್ಷವೂ ಮುಚ್ಚಳಿಕೆಯನ್ನು ಬರೆದುಕೊಡಬೇಕು. ಶೂನ್ಯವೆಂದೇ ನಮೂದಿಸಿ ಲೆಕ್ಕವನ್ನು ಒಪ್ಪಿಸುತ್ತಿರಬೇಕು. ಇದನ್ನೆಲ್ಲ ಆತನು ತಪ್ಪದೆ ಮಾಡಿದನು. ‘ಇರುವ ಊರಿಗೆ ಸಲ್ಲಿಸಬೇಕಾದುದನ್ನು ಸಲ್ಲಿಸಿದ್ದೇನೆ, ಇನ್ನು ಯಾರ ಹಂಗೂ ಇಲ್ಲ’ ಎಂಬ ನಿಶ್ಚಿಂತೆಯು ಆತನಿಗಿತ್ತು.

ಹೀಗಿರಲಾಗಿ ೨೦೨೪ರಲ್ಲಿ ಬ್ಯಾಂಕಿನಿಂದ ಒಂದು ಕಾಗದ ಬಂತು. ಖಾತೆದಾರರು ಯಾವ ದೇಶದ ಪೌರರು, ತೆರಿಗೆಯ ದೃಷ್ಟಿಯಿಂದ ಯಾವ ಯಾವ ದೇಶಗಳಿಗೆ ಸೇರಿದವರು ಎಂಬುದನ್ನು ಹೊಸದಾಗಿ ತುಂಬಿಕೊಡಬೇಕೆಂದು ಅದರಲ್ಲಿತ್ತು. ಇಂತಹ ಪತ್ರಕ್ಕೆ ಆತನು ಹಿಂದೆಯೂ ಒಮ್ಮೆ ಕಣ್ಣಾಡಿಸದೆ ರುಜು ಹಾಕಿದ್ದನು. ಈ ಸಲ ಓದಿದನು. ಅಮೆರಿಕಾದ ಪೌರನಾದವನು ಲೋಕದಲ್ಲಿ ಎಲ್ಲಿಯೇ ವಾಸವಾಗಿದ್ದರೂ ತೆರಿಗೆಯ ಮಟ್ಟಿಗೆ ಅಮೆರಿಕಾದವನೇ ಎಂದು ಅದರ ಅಡಿಯಲ್ಲಿ ಸಣ್ಣಕ್ಷರಗಳಲ್ಲಿ ಅಚ್ಚಾಗಿತ್ತು. ಆ ರಾತ್ರಿ ಆತನಿಗೆ ನಿದ್ರೆ ಬರಲಿಲ್ಲ.

ಬೆಂಗಳೂರಿನಲ್ಲಿ ಉಭಯ ದೇಶಗಳ ತೆರಿಗೆಯ ಶಾಸನಗಳನ್ನು ಬಲ್ಲ ಒಬ್ಬ ಲೆಕ್ಕಪರಿಶೋಧಕಿಯಿದ್ದಳು. ವಯಸ್ಸಿನಲ್ಲಿ ಚಿಕ್ಕವಳು, ಮಾತಿನಲ್ಲಿ ನಿಷ್ಕರ್ಷೆಯುಳ್ಳವಳು. ಆಕೆಯು ಆತನಿಗೆ ವಿವರಿಸಿದ ಸಾರಾಂಶವಿದು.

ಕರವನ್ನು ಕೇಳುವ ಸರ್ಕಾರಗಳು ಮೂರು ಬಗೆಯ ಪ್ರಶ್ನೆಗಳನ್ನು ಹಾಕುತ್ತವೆ. ‘ನೀನು ಎಲ್ಲಿ ವಾಸಿಸುತ್ತೀಯೆ?’ ಎಂಬುದು ಮೊದಲನೆಯದು. ಭಾರತವೇ ಮೊದಲಾದ ಬಹುತೇಕ ದೇಶಗಳು ಹೆಚ್ಚಾಗಿ ಇದನ್ನೇ ನೆಚ್ಚಿರುತ್ತವೆ. ‘ನೀನು ಯಾರವನು?’ ಎಂಬುದು ಎರಡನೆಯದು. ಇದನ್ನು ಕೇಳುವ ದೊಡ್ಡ ರಾಜ್ಯವೆಂದರೆ ಅಮೆರಿಕಾ ಒಂದೇ. ಆಫ್ರಿಕಾ ಖಂಡದ ಎರಿಟ್ರಿಯಾ ದೇಶವು ಹೊರಗಿರುವ ತನ್ನವರಿಂದ ನೂರಕ್ಕೆ ೨ರಂತೆ ಬೇಡುವುದುಂಟು. ‘ನಿನ್ನಿಂದ ಕೊಂಡವನು ಎಲ್ಲಿದ್ದಾನೆ?’ ಎಂಬುದು ಮೂರನೆಯದು. ಯುರೋಪಿನ ಒಕ್ಕೂಟದ ದೇಶಗಳು ಅಂತರ್ಜಾಲದ ಮೂಲಕ ತಮ್ಮ ಜನರಿಗೆ ಮಾರಾಟವಾಗುವ ಪಾಠ, ಚಿತ್ರ, ತಂತ್ರಾಂಶಗಳ ವಿಷಯದಲ್ಲಿ ಹೀಗೆ ಕೇಳುತ್ತವೆ. ಒಕ್ಕೂಟದ ಹೊರಗಿನ ವ್ಯಾಪಾರಿಗೆ ಅಲ್ಲಿ ಇಷ್ಟರವರೆಗೆ ವಿನಾಯಿತಿಯೆಂಬುದೇ ಇಲ್ಲ. ಮೊದಲನೆಯ ಮಾರಾಟದಿಂದಲೇ ಕೊಂಡವನ ದೇಶದ ದರವನ್ನು ತೆರಬೇಕು. ಜರ್ಮನಿಯ ದರವು ನೂರಕ್ಕೆ ೧೯. ಒಕ್ಕೂಟದ ಯಾವುದಾದರೊಂದು ದೇಶದಲ್ಲಿ ನೋಂದಾಯಿಸಿಕೊಂಡು, ಮೂರು ಮೂರು ತಿಂಗಳಿಗೊಮ್ಮೆ ಎಲ್ಲ ದೇಶಗಳ ಲೆಕ್ಕವನ್ನೂ ಅಲ್ಲಿಯೇ ಒಪ್ಪಿಸಬಹುದೆಂಬುದೊಂದೇ ಸೌಕರ್ಯ. ಗಣಿತವನ್ನು ಮಾರುತ್ತಿದ್ದ ಈ ಗೃಹಸ್ಥನಿಗೆ ಮೂರು ಪ್ರಶ್ನೆಗಳೂ ಏಕಕಾಲದಲ್ಲಿ ಅನ್ವಯಿಸಿದ್ದವು. ಆತನು ಉತ್ತರ ಕೊಟ್ಟಿದ್ದುದು ಒಂದಕ್ಕೆ ಮಾತ್ರ.

ಜರ್ಮನಿಯ ಬಾಕಿಯು ಅಲ್ಪವಾದುದು, ಬಗೆಹರಿಯುವಂತಹದು. ಆತನ ಎದೆಯನ್ನು ಒತ್ತಿದುದು ಎರಡನೆಯ ಪ್ರಶ್ನೆ. ಅದರ ಇತಿಹಾಸವೂ ಸ್ವಾರಸ್ಯವಾದುದೇ. ೧೮೬೧ರಿಂದ ೧೮೬೫ರವರೆಗೆ ಆ ದೇಶದಲ್ಲಿ ಅಂತರ್ಯುದ್ಧವು ನಡೆಯುತ್ತಿದ್ದಾಗ, ಹೊರದೇಶಗಳಲ್ಲಿದ್ದ ತನ್ನ ಪೌರರ ವರಮಾನದ ಮೇಲೂ ಸರ್ಕಾರವು ಕರವನ್ನು ವಿಧಿಸಿತು. ೧೯೧೩ರಲ್ಲಿ ಆದಾಯ ತೆರಿಗೆಯು ಸ್ಥಿರವಾಗಿ ನೆಲೆಗೊಂಡಾಗಲೂ ಆ ತತ್ತ್ವವು ಉಳಿಯಿತು. ಮೆಕ್ಸಿಕೋ ನಗರದಲ್ಲಿ ವಾಸವಾಗಿದ್ದು ಅಲ್ಲಿಯ ಆಸ್ತಿಯಿಂದಲೇ ವರಮಾನ ಪಡೆಯುತ್ತಿದ್ದ ಕುಕ್ ಎಂಬ ಪೌರನು ಇದು ಅನ್ಯಾಯವೆಂದು ದಾವೆ ಹೂಡಲು, ಪೌರನು ಎಲ್ಲಿದ್ದರೂ ರಾಜ್ಯದ ರಕ್ಷಣೆಯು ಅವನನ್ನು ಹಿಂಬಾಲಿಸುವುದರಿಂದ ಕರವೂ ಹಿಂಬಾಲಿಸಬಹುದೆಂಬ ಅಭಿಪ್ರಾಯದಿಂದ ಸರ್ವೋಚ್ಚ ನ್ಯಾಯಾಲಯವು ೧೯೨೪ರಲ್ಲಿ ಅವನ ವಾದವನ್ನು ತಳ್ಳಿಹಾಕಿತು. ಪ್ರಜಾರಕ್ಷಣೆಗೆ ಪ್ರತಿಯಾಗಿ ರಾಜನಿಗೆ ಷಷ್ಠಾಂಶವು ಸಲ್ಲಬೇಕೆಂದ ಧರ್ಮಶಾಸ್ತ್ರಕಾರರಿಗೆ ಈ ಯುಕ್ತಿಯು ಅಪರಿಚಿತವಾಗಿ ತೋರುತ್ತಿರಲಿಲ್ಲ. ಆದರೆ ರಾಜ್ಯದ ಎಲ್ಲೆಯನ್ನು ದಾಟಿ ಹೋದವನ ಧಾನ್ಯದಲ್ಲಿಯೂ ಷಷ್ಠಾಂಶವುಂಟೆಂದಿದ್ದರೆ ಅವರೂ ಒಮ್ಮೆ ಹುಬ್ಬೇರಿಸುತ್ತಿದ್ದರೇನೋ.

೨೦೧೦ರವರೆಗೆ ಇದು ಬಹಳ ಮಟ್ಟಿಗೆ ಪುಸ್ತಕದ ಬದನೆಕಾಯಿಯಾಗಿತ್ತು. ದೂರದಲ್ಲಿದ್ದವನ ಗಳಿಕೆಯನ್ನು ಅರಿಯುವ ಉಪಾಯವು ಸುಲಭವಾಗಿರಲಿಲ್ಲ. ಆ ವರ್ಷ ‘ಫ್ಯಾಟ್ಕಾ’ ಎಂಬ ಶಾಸನವು ಹೊರಟಿತು. ತಮ್ಮಲ್ಲಿರುವ ಅಮೆರಿಕಾ ಪೌರರ ಖಾತೆಗಳ ವಿವರವನ್ನು ಕೊಡದ ಪರದೇಶದ ಬ್ಯಾಂಕುಗಳಿಗೆ, ಅಮೆರಿಕಾದಿಂದ ಸಲ್ಲುವ ಹಣದಲ್ಲಿ ನೂರಕ್ಕೆ ೩೦ನ್ನು ಮುರಿದುಕೊಳ್ಳುವುದಾಗಿ ಅದು ವಿಧಿಸಿತು. ಭಾರತವು ೨೦೧೫ರ ಜುಲೈ ೯ರಂದು ಈ ವಿಷಯದಲ್ಲಿ ಅಮೆರಿಕಾದೊಡನೆ ಒಡಂಬಡಿಕೆಗೆ ಸಹಿ ಹಾಕಿತು. ಅಂದಿನಿಂದ ಇಲ್ಲಿಯ ಬ್ಯಾಂಕುಗಳು ಇಲ್ಲಿಯ ಇಲಾಖೆಗೂ, ಇಲ್ಲಿಯ ಇಲಾಖೆಯು ಅಲ್ಲಿಯ ಇಲಾಖೆಗೂ ವಿವರ ಒಪ್ಪಿಸುವ ಕ್ರಮವು ಏರ್ಪಟ್ಟಿತು. ಮೈಸೂರಿನ ಶಾಖೆಯ ಗುಮಾಸ್ತನು ಒತ್ತುವ ಒಂದು ಗುಂಡಿಯಿಂದ ಸಮುದ್ರದಾಚೆಯ ಕಡತವೊಂದು ತೆರೆದುಕೊಳ್ಳುವ ಕಾಲವಿದು.

ಆತನು ಲೆಕ್ಕವನ್ನು ಹಾಕಿ ನೋಡಿದನು. ಉಭಯ ದೇಶಗಳೂ ೧೯೮೯ರಲ್ಲಿ ದ್ವಿಕರ ನಿವಾರಣೆಯ ಒಪ್ಪಂದವನ್ನು ಮಾಡಿಕೊಂಡಿವೆ. ತನ್ನ ಪೌರರಿಗೆ ತನ್ನ ಕಾನೂನಿನಂತೆಯೇ ತೆರಿಗೆ ವಿಧಿಸುವ ಅಧಿಕಾರವನ್ನು ಅಮೆರಿಕಾ ಅದರಲ್ಲಿಯೂ ಉಳಿಸಿಕೊಂಡಿತ್ತು. ಹಾಗಿದ್ದರೂ ಭಾರತಕ್ಕೆ ಕಟ್ಟಿದ ಆದಾಯ ತೆರಿಗೆಯನ್ನು ಅಲ್ಲಿಯ ಆದಾಯ ತೆರಿಗೆಯಲ್ಲಿ ಕಳೆದುಕೊಳ್ಳಲು ಅವಕಾಶವುಂಟು. ಆತನು ಇಲ್ಲಿ ಕಟ್ಟಿದ್ದುದೇ ಅಲ್ಲಿಗಿಂತ ಹೆಚ್ಚಾಗಿದ್ದುದರಿಂದ, ಕಳೆಯಲಾಗಿ ಅಲ್ಲಿಯ ಆದಾಯ ತೆರಿಗೆಯು ಶೂನ್ಯವಾಯಿತು. ಇಲ್ಲಿಯ ವರ್ಷವು ಏಪ್ರಿಲಿನಿಂದ, ಅಲ್ಲಿಯದು ಜನವರಿಯಿಂದ. ಎರಡನ್ನೂ ತಿಂಗಳು ತಿಂಗಳಾಗಿ ಕತ್ತರಿಸಿ ಜೋಡಿಸಬೇಕಾಯಿತು. ಅದು ಗಣಿತಜ್ಞನಿಗೆ ಕಷ್ಟವಲ್ಲ.

ಕಷ್ಟವಾದುದು ಅದರ ಮುಂದಿನ ಸಾಲು. ಸ್ವಂತ ಉದ್ಯೋಗಿಯಾದ ಪೌರನು, ನಿವ್ವಳ ಗಳಿಕೆಯು ವರ್ಷಕ್ಕೆ ೪೦೦ ಡಾಲರನ್ನು ಮುಟ್ಟಿದರೆ ಸಾಕು, ವೃದ್ಧಾಪ್ಯ ವೇತನ ಮತ್ತು ವೈದ್ಯವಿಮೆಗಳ ನಿಧಿಗೆ ನೂರಕ್ಕೆ ೧೫.೩ರಂತೆ ತೆರಬೇಕು. ಹೊರದೇಶದಲ್ಲಿ ದುಡಿದವನಿಗೆ ದೊರೆಯುವ ವಿನಾಯಿತಿಯು ಇದಕ್ಕಿಲ್ಲ. ಭಾರತಕ್ಕೆ ಕಟ್ಟಿದ ತೆರಿಗೆಯನ್ನು ಇದರಲ್ಲಿ ಕಳೆಯುವಂತೆಯೂ ಇಲ್ಲ. ಜರ್ಮನಿಯೇ ಮೊದಲಾದ ದೇಶಗಳೊಡನೆ, ಎರಡೂ ಕಡೆ ಈ ಹಣವನ್ನು ವಸೂಲು ಮಾಡಬಾರದೆಂದು ಅಮೆರಿಕಾಕ್ಕೆ ಒಪ್ಪಂದವುಂಟು. ಭಾರತದೊಡನೆ ಅಂತಹ ಒಪ್ಪಂದವಾಗಿಲ್ಲ. ಗಳಿಕೆಯ ಶೇಕಡಾ ೯೨.೩೫ರ ಮೇಲೆ ಈ ದರವನ್ನು ಗುಣಿಸಲು, ೩೦,೦೦೦ ಡಾಲರುಗಳಿಗೆ ೪,೨೩೯ ಡಾಲರುಗಳಾದವು. ಮೂರು ವರ್ಷಗಳಿಗೆ ೧೨,೭೧೭. ರೂಪಾಯಿಗಳಲ್ಲಿ ಹತ್ತು ಲಕ್ಷವನ್ನು ಮೀರಿತು. ತಂದೆಯವರ ಶುಶ್ರೂಷೆಗೆಂದು ಕೂಡಿಟ್ಟಿದ್ದ ಹಣವು ಹೆಚ್ಚು ಕಡಮೆ ಅಷ್ಟೇ ಇತ್ತು.

ಇದಕ್ಕಿಂತಲೂ ಭಯಂಕರವಾದುದು ತೆರಿಗೆಯೇ ಇಲ್ಲದ ಮತ್ತೊಂದು ಕರ್ತವ್ಯ. ಪೌರನಿಗೆ ಹೊರದೇಶಗಳಲ್ಲಿರುವ ಬ್ಯಾಂಕು ಖಾತೆಗಳ ಒಟ್ಟು ಮೊತ್ತವು ವರ್ಷದ ಯಾವುದಾದರೊಂದು ದಿನ ೧೦,೦೦೦ ಡಾಲರನ್ನು ಮೀರಿದಲ್ಲಿ, ಆ ಖಾತೆಗಳೆಲ್ಲವನ್ನೂ ಅಮೆರಿಕಾದ ಖಜಾನೆಯ ಇಲಾಖೆಗೆ ತಿಳಿಸಬೇಕು. ಒಂದು ಡಾಲರು ತೆರಿಗೆಯೂ ಇದರಿಂದ ಹುಟ್ಟುವುದಿಲ್ಲ. ತಿಳಿಸದಿದ್ದರೆ ಮಾತ್ರ, ಉದ್ದೇಶಪೂರ್ವಕವಲ್ಲದ ತಪ್ಪಿಗೂ ವರದಿಯೊಂದಕ್ಕೆ ೧೦,೦೦೦ ಡಾಲರಿನಷ್ಟು ದಂಡವನ್ನು ಹಾಕಬಹುದು. ಬೆಲೆಯೇರಿಕೆಗೆ ಅನುಗುಣವಾಗಿ ಆ ಮಿತಿಯೂ ಏರುತ್ತ ಬಂದಿದೆ. ರೊಮೇನಿಯಾದಲ್ಲಿ ನೆಲೆಸಿದ್ದ ಬಿಟ್ನರ್ ಎಂಬ ಪೌರನ ಮೇಲೆ ಐದು ವರ್ಷಗಳ ೨೭೨ ಖಾತೆಗಳಿಗೆಂದು ಸರ್ಕಾರವು ೨೭.೨ ಲಕ್ಷ ಡಾಲರು ದಂಡವನ್ನು ಹೇರಿತ್ತು. ದಂಡವನ್ನು ಖಾತೆಗೊಂದರಂತಲ್ಲ, ವರ್ಷದ ವರದಿಗೊಂದರಂತೆ ಎಣಿಸಬೇಕೆಂದು ೨೦೨೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತ ಮೇಲೆ ಅದು ೫೦,೦೦೦ಕ್ಕೆ ಇಳಿಯಿತು.

ಆತನು ಖಾತೆಗಳ ಪಟ್ಟಿಯನ್ನು ಬರೆಯುತ್ತ ಬಂದು ಕೊನೆಯ ಸಾಲಿನಲ್ಲಿ ಲೇಖನಿಯನ್ನು ನಿಲ್ಲಿಸಿದನು. ತಂದೆಯವರ ನಿವೃತ್ತಿ ವೇತನವು ಬಂದು ಬೀಳುವ ಖಾತೆಯದು. ಅವರ ಕೈ ನಡುಗತೊಡಗಿದ ಮೇಲೆ, ಹಣ ತೆಗೆಯುವ ಅನುಕೂಲಕ್ಕಾಗಿ ೨೦೧೯ರಲ್ಲಿ ಮಗನ ಹೆಸರನ್ನೂ ಅದರಲ್ಲಿ ಸೇರಿಸಿದ್ದರು. “ಜಂಟಿ ಖಾತೆಯಾದರೆ ಅದನ್ನೂ ಬರೆಯಲೇಬೇಕು ಸಾರ್,” ಎಂದಿದ್ದಳು ಲೆಕ್ಕಪರಿಶೋಧಕಿ. ಮೂವತ್ತು ವರ್ಷ ಊರೂರುಗಳ ಅಂಚೆ ಮನೆಗಳಲ್ಲಿ ಮುದ್ರೆ ಒತ್ತಿ ಗಳಿಸಿದ ವೃದ್ಧನ ಉಳಿತಾಯವು, ಅವರು ಕಣ್ಣಿನಿಂದಲೂ ಕಾಣದ ದೇಶದ ಕಡತಕ್ಕೆ ಏರಬೇಕಾಗಿತ್ತು. ಅವರಿಗೆ ತಿಳಿಸದೆ ಮಾಡಬಹುದಾಗಿತ್ತು; ಮಾಡಲು ಆತನಿಗೆ ಮನಸ್ಸು ಬರಲಿಲ್ಲ.

ಸಾಯಂಕಾಲ ಜಗುಲಿಯ ಮೇಲೆ ಕುಳಿತಿದ್ದ ತಂದೆಯವರಿಗೆ ಆತನು ಎಲ್ಲವನ್ನೂ ಹೇಳಿದನು. ಎಂಬತ್ತೆಂಟು ವರ್ಷದ ವೃದ್ಧರು ನಡುವೆ ಬಾಯಿ ಹಾಕದೆ ಕೇಳಿದರು.

“ನನ್ನ ಪೆನ್ಷನ್ನಿಗೂ ಅವರು ಕಂದಾಯ ಕೇಳ್ತಾರೇನೋ?”

“ಇಲ್ಲ ಅಪ್ಪಾ. ನಿಮ್ಮ ಹಣಕ್ಕೆ ಅವರು ಏನೂ ಕೇಳೋದಿಲ್ಲ. ಖಾತೆ ಇದೆ ಅಂತ ತಿಳಿಸಬೇಕು, ಅಷ್ಟೆ. ನನ್ನ ಆದಾಯ ತೆರಿಗೆಯೂ ಸೊನ್ನೆಯೇ. ಕೊಡೋದಕ್ಕೇ ಏನೂ ಇಲ್ಲದ ಮೇಲೆ ಲೆಕ್ಕ ಯಾಕೆ ಒಪ್ಪಿಸಬೇಕು, ಅದಕ್ಕೆ ದಂಡ ಯಾಕೆ, ಅದೇ ನನಗೆ ಅರ್ಥವಾಗೋದಿಲ್ಲ.”

ವೃದ್ಧರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಾನು ಹುಡುಗನಾಗಿದ್ದಾಗ ಒಂದು ವರ್ಷ ಮಳೆ ಹೋಯಿತು. ಕಂದಾಯ ಮಾಫಿ ಆಯಿತು. ನನಗೆ ಬಹಳ ಸಂತೋಷ, ಈ ವರ್ಷ ಬರೆಯೋ ಕೆಲಸವಿಲ್ಲ ಅಂತ. ನಿಮ್ಮ ತಾತ ಆ ವರ್ಷವೇ ಹೆಚ್ಚು ಬರೆಸಿದರು. ಯಾವ ಹೊಲ, ಯಾರದು, ಏನು ಬಿತ್ತಿದ್ದ, ಎಷ್ಟು ಒಣಗಿತು, ಎಷ್ಟು ಬಿಟ್ಟಿದ್ದು. ಬರೆಯದೆ ಬಿಟ್ಟ ಹೊಲಕ್ಕೆ ಮಾಫಿ ಇಲ್ಲ ಕಣೋ. ಬಾಕಿ ಅಂತಲೇ ನಿಲ್ಲೋದು ಅದು. ಸೊನ್ನೆ ಅಂತ ಅವರ ಪುಸ್ತಕದಲ್ಲಿ ಯಾರಾದರೂ ಬರೆಯಬೇಕಲ್ಲಪ್ಪಾ; ತಾನಾಗಿ ಬರೆದುಕೊಳ್ಳುತ್ತೇನು? ಇಲ್ಲಿ ರಫ್ತಿಗೆ ಸೊನ್ನೆ ತೆರಿಗೆ ಅಂತ ವರ್ಷವರ್ಷ ಮುಚ್ಚಳಿಕೆ ಬರೆದುಕೊಡ್ತೀಯಲ್ಲ, ಅದಕ್ಕೆ ಯಾವತ್ತಾದರೂ ಬೇಜಾರು ಮಾಡಿಕೊಂಡೆಯಾ?”

ಮಗನು ಉತ್ತರ ಕೊಡಲಿಲ್ಲ. ಖಾಲಿ ಸ್ಥಾನಕ್ಕೂ ಶೂನ್ಯಕ್ಕೂ ಭೇದವಿದೆಯೆಂದು ನೂರಾರು ಮಕ್ಕಳಿಗೆ ಕಲಿಸಿ ಹಣ ಪಡೆದವನು ಆತನೇ.

ಪೌರತ್ವವನ್ನೇ ಬಿಟ್ಟುಬಿಡುವ ಯೋಚನೆಯೂ ಆತನಿಗೆ ಬಂದಿತ್ತು. ಕಾನ್ಸಲ್ ಅಧಿಕಾರಿಯ ಮುಂದೆ ಸ್ವತಃ ನಿಂತು ಪ್ರಮಾಣಪೂರ್ವಕವಾಗಿ ತ್ಯಜಿಸಬಹುದು. ಆದರೆ ತ್ಯಜಿಸುವವನು ಹಿಂದಿನ ಐದು ವರ್ಷಗಳ ತೆರಿಗೆಯ ಕರ್ತವ್ಯಗಳೆಲ್ಲವನ್ನೂ ನೆರವೇರಿಸಿರುವುದಾಗಿ ಅಲ್ಲಿಯ ತೆರಿಗೆಯ ಇಲಾಖೆಗೆ ದೃಢಪಡಿಸಬೇಕು. ಇಲ್ಲವಾದರೆ, ಬಿಟ್ಟುಹೋಗುವ ಧನಿಕರಿಗೆಂದು ವಿಧಿಸಿರುವ ನಿರ್ಗಮನದ ತೆರಿಗೆಯ ಕಟ್ಟಳೆಗಳು ಬಡವನಿಗೂ ಅಂಟುತ್ತವೆ. ಬಾಗಿಲಿನಿಂದ ಹೊರಗೆ ಹೋಗಬೇಕೆಂದರೂ ಲೆಕ್ಕದ ಕೋಣೆಯ ಮೂಲಕವೇ ಹೋಗಬೇಕೆಂದಾಯಿತು. ಅದೂ ಅಲ್ಲದೆ ಮಗಳು ಅಲ್ಲಿದ್ದಳು. ಆಕೆಗೆ ಜ್ವರ ಬಂದರೆ ನೋಡಿಬರುವುದಕ್ಕೂ ವೀಸಾವನ್ನು ಬೇಡಿ ನಿಲ್ಲುವ ಸ್ಥಿತಿಯನ್ನು ಆತನು ಬಯಸಲಿಲ್ಲ. ಇಪ್ಪತ್ತಮೂರು ವರ್ಷ ಅನ್ನವಿಟ್ಟ ದೇಶ. ಅದನ್ನು ಕೋಪದಲ್ಲಿ ಬಿಡುವುದು ತಂದೆಯವರಿಗೂ ಸರಿದೋರಲಿಲ್ಲ. “ಬಿಡೋದಾದರೆ ಬಿಡು. ಬಾಕಿ ಇಟ್ಟುಕೊಂಡು ಮಾತ್ರ ಬಿಡಬೇಡ,” ಎಂದರು.

ಅರಿಯದೆ ತಪ್ಪಿದವರಿಗಾಗಿ ಅಲ್ಲಿಯ ಇಲಾಖೆಯು ಒಂದು ಸುಗಮ ಮಾರ್ಗವನ್ನಿಟ್ಟಿದೆ. ೨೦೧೨ರಲ್ಲಿ ಆರಂಭವಾಗಿ ೨೦೧೪ರಲ್ಲಿ ವಿಸ್ತಾರಗೊಂಡ ಈ ಕ್ರಮದಂತೆ, ಹೊರದೇಶದಲ್ಲಿ ವಾಸಿಸುವ ಪೌರನು ಹಿಂದಿನ ಮೂರು ವರ್ಷಗಳ ತೆರಿಗೆಯ ಲೆಕ್ಕಗಳನ್ನೂ, ಆರು ವರ್ಷಗಳ ಬ್ಯಾಂಕು ಖಾತೆಗಳ ವರದಿಗಳನ್ನೂ ಒಪ್ಪಿಸಿ, ಬಾಕಿಯನ್ನು ಬಡ್ಡಿಸಹಿತ ಕಟ್ಟಿದರೆ ದಂಡವಿಲ್ಲ. ಆದರೆ ಒಂದು ನಿಬಂಧನೆಯುಂಟು. ತಪ್ಪು ಬೇಕೆಂದು ಮಾಡಿದುದಲ್ಲವೆಂದು, ಅದಕ್ಕೆ ಕಾರಣವೇನೆಂದು, ತನ್ನದೇ ಮಾತುಗಳಲ್ಲಿ ವೃತ್ತಾಂತವನ್ನು ಬರೆದು, ಸುಳ್ಳಾದರೆ ಶಿಕ್ಷೆಗೆ ಒಳಪಡುವೆನೆಂದು ಸಹಿ ಮಾಡಬೇಕು.

ಆತನು ಎರಡು ಪುಟಗಳನ್ನು ಬರೆದನು. ಪತ್ನೀವಿಯೋಗ, ತಂದೆಯ ಅನಾರೋಗ್ಯ, ವ್ಯಾಧಿಯ ಕಾಲ, ಇಲ್ಲಿ ಕಟ್ಟಿದ ತೆರಿಗೆ, ಎಲ್ಲವೂ ಅದರಲ್ಲಿದ್ದವು. ‘ಈ ಕರ್ತವ್ಯವನ್ನು ನನಗೆ ಯಾರೂ ತಿಳಿಸಲಿಲ್ಲ’ ಎಂಬ ವಾಕ್ಯದೊಡನೆ ಅದು ಮುಗಿದಿತ್ತು. ಅದನ್ನು ಕನ್ನಡದಲ್ಲಿ ತಂದೆಯವರಿಗೆ ಹೇಳಿ ತೋರಿಸಿದಾಗ ಅವರು ಕಣ್ಣುಮುಚ್ಚಿ ಕೇಳುತ್ತಿದ್ದು, ಕೊನೆಗೆ ಕಣ್ಣು ತೆರೆದರು.

“ಯಾರೂ ಹೇಳಲಿಲ್ಲವೇನೋ?”

ಆತನು ತಲೆತಗ್ಗಿಸಿದನು. ೨೦೨೧ರ ಬೇಸಗೆಯಲ್ಲಿ, ಇದೇ ಜಗುಲಿಯ ಮೇಲೆ, ಅಮೆರಿಕಾದ ಮಿತ್ರನೊಬ್ಬನು ದೂರವಾಣಿಯಲ್ಲಿ ‘ಅಲ್ಲಿಯ ರಿಟರ್ನನ್ನೂ ಹಾಕ್ತಿದ್ದೀಯಷ್ಟೆ?’ ಎಂದು ಕೇಳಿದ್ದನು. ‘ಇಲ್ಲಿ ಕಟ್ತಿದ್ದೀನಲ್ಲ, ಅಲ್ಲಿ ಎಂಥದು?’ ಎಂದು ಈತನು ನಕ್ಕಿದ್ದನು. ಮಿತ್ರನೂ ಮಾತನ್ನು ಬದಲಾಯಿಸಿದನು. ತಂದೆಯವರು ಪಕ್ಕದಲ್ಲಿಯೇ ಕುಳಿತು ಕಾಫಿ ಕುಡಿಯುತ್ತಿದ್ದರು. ಆತನು ಅದನ್ನು ಮರೆತಿರಲಿಲ್ಲ. ಬರೆದರೆ, ತಿಳಿದೂ ತಿಳಿದೂ ಸುಮ್ಮನಿದ್ದನೆಂದು ಅರ್ಥ ಮಾಡುವರೆಂಬ ಭಯದಿಂದ ಬಿಟ್ಟಿದ್ದನು. ಹಾಗೆ ಅರ್ಥ ಮಾಡಿದರೆ ಸುಗಮ ಮಾರ್ಗವು ಮುಚ್ಚಿಹೋಗುವುದು. ದಂಡವು ಮನೆಯನ್ನೇ ನುಂಗಬಹುದು.

“ಬರೆದರೆ ಅಪಾಯ ಇದೆ ಅಪ್ಪಾ.”

“ಇರಬಹುದು. ರೈತ ಬಂದು ‘ನನಗೆ ಯಾರೂ ಹೇಳಲಿಲ್ಲ ಶಾನುಭೋಗರೇ’ ಅಂದರೆ ನಿಮ್ಮ ತಾತ ಪಟ್ಟನೆ ಹೇಳೋರು, ‘ನೀನು ಕೇಳಲಿಲ್ಲ’ ಅಂತ. ‘ನಾನೇ ಕೇಳಲಿಲ್ಲ ಸ್ವಾಮಿ’ ಅಂತ ಬಂದವನ ಕಾಗದವನ್ನ ಅವರೇ ಕೂತು ಬರೆದುಕೊಡೋರು. ನನ್ನ ಖಾತೆ ಅವರಿಗೆ ಕಾಣಿಸಲಿ, ನನಗೇನೂ ಬೇಸರವಿಲ್ಲ. ನನ್ನ ಖಾತೆ ಇರೋ ಕಟ್ಟಿನಲ್ಲಿ ಒಂದು ಸುಳ್ಳು ಇರಬಾರದು.”

ಮರುದಿನ ಆತನು ಬೆಂಗಳೂರಿಗೆ ಹೋಗಿ ಆ ಸಂಗತಿಯನ್ನೂ ಹೇಳಿದನು. ಲೆಕ್ಕಪರಿಶೋಧಕಿಯು ನಿಯಮವನ್ನು ತೆಗೆದು ತೋರಿಸಿದಳು. ಅಲಕ್ಷ್ಯ, ಅನವಧಾನ, ಪ್ರಮಾದ, ಕಾನೂನನ್ನು ಸದ್ಭಾವದಿಂದಲೇ ತಪ್ಪಾಗಿ ಗ್ರಹಿಸಿದುದು, ಇವೆಲ್ಲವೂ ಉದ್ದೇಶಪೂರ್ವಕವಲ್ಲದ ತಪ್ಪುಗಳೆಂದೇ 그 ಅಲ್ಲಿ ಹೇಳಿತ್ತು. “ಇದನ್ನು ಬರೆಯಿರಿ ಸಾರ್. ಮುಚ್ಚಿಟ್ಟದ್ದು ಮುಂದೆ ಗೊತ್ತಾದರೆ ಆಗ ಅಪಾಯ. ಇವರು ಹೇಗೆ ಓದುತ್ತಾರೋ ನಾನು ಭರವಸೆ ಕೊಡಲಾರೆ,” ಎಂದಳು. ಆತನು ಕೊನೆಯ ವಾಕ್ಯವನ್ನು ಹೊಡೆದುಹಾಕಿ, ಮಿತ್ರನ ಮಾತನ್ನೂ ತನ್ನ ನಗೆಯನ್ನೂ ಇದ್ದುದಿದ್ದಂತೆ ಬರೆದು, ‘ನಾನು ವಿಚಾರಿಸಬೇಕಾಗಿತ್ತು, ವಿಚಾರಿಸಲಿಲ್ಲ’ ಎಂದು ಸೇರಿಸಿ ಸಹಿ ಮಾಡಿದನು.

ಬ್ಯಾಂಕು ಖಾತೆಗಳ ವರದಿಗಳು ಅಂತರ್ಜಾಲದ ಮೂಲಕ ಹೋದವು. ತೆರಿಗೆಯ ಲೆಕ್ಕಗಳನ್ನು ಮಾತ್ರ ಕಾಗದದಲ್ಲಿಯೇ ಟೆಕ್ಸಾಸ್ ಪ್ರಾಂತದ ಆಸ್ಟಿನ್ ನಗರಕ್ಕೆ ಅಂಚೆಯಲ್ಲಿ ಕಳುಹಿಸಬೇಕೆಂಬ ನಿಯಮವಿತ್ತು. ಇದನ್ನು ಕೇಳಿ ವೃದ್ಧರ ಮುಖವು ಅರಳಿತು. ಲಕೋಟೆಯ ಅಂಚುಗಳನ್ನು ತಾವೇ ನಡುಗುವ ಕೈಯಿಂದ ಅಂಟಿಸಿ, ವಿಳಾಸವನ್ನು ಎರಡು ಸಲ ಓದಿಸಿ, ರಸೀತಿಯಿಲ್ಲದೆ ಹಿಂದಿರುಗಬಾರದೆಂದು ಮಗನಿಗೆ ಆಜ್ಞಾಪಿಸಿದರು.

ತಂದೆಯ ಶುಶ್ರೂಷೆಗೆಂದಿದ್ದ ಹಣವು ಬಡ್ಡಿಸಹಿತ ಬಾಕಿಗೆ ಸಂದುಹೋಯಿತು. ಆ ಹಣವು ಪೂರ್ತಿಯಾಗಿ ಕಳೆದುಹೋದುದೂ ಅಲ್ಲ; ಅಮೆರಿಕಾದಲ್ಲಿ ಆತನು ದುಡಿದ ವರ್ಷಗಳೊಡನೆ ಈ ಮೂರು ವರ್ಷಗಳೂ ವೃದ್ಧಾಪ್ಯ ವೇತನದ ಲೆಕ್ಕಕ್ಕೆ ಸೇರುವುವು. ಆದರೆ ಅದು ಮುಂದಿನ ಮಾತು. ದಾದಿಯ ಸಂಬಳವು ಈ ತಿಂಗಳಿನದು. ಆತನು ಹೊತ್ತಾರೆಯ ಹೊತ್ತು ಬೀದಿಯ ನಾಲ್ಕು ಹುಡುಗರಿಗೆ ಮನೆಯಲ್ಲಿ ಲೆಕ್ಕ ಹೇಳಿಕೊಡಲು ಆರಂಭಿಸಿದನು. ಹೊರಗಿರುವ ಪೌರರಿಗೆ ಲೆಕ್ಕವನ್ನು ಒಪ್ಪಿಸಲು ಜೂನ್ ೧೫ರವರೆಗೆ ಗಡುವು, ಬಡ್ಡಿಯು ಮಾತ್ರ ಏಪ್ರಿಲ್ ೧೫ರಿಂದಲೇ ಓಡುವುದೆಂಬುದನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಟ್ಟನು. ಅಮೆರಿಕಾದಲ್ಲಿ ಓದು ಮುಗಿಸಿ ಕೆನಡಾದಲ್ಲಿ ಕೆಲಸವನ್ನು ಹುಡುಕುತ್ತಿದ್ದ ಮಗಳಿಗೆ ದೂರವಾಣಿಯಲ್ಲಿ ಆತನು ಮೊದಲು ಹೇಳಿದ ಬುದ್ಧಿಯೂ ಇದೇ: ಹೊರಡುವ ಮೊದಲು ಯಾರನ್ನಾದರೂ ಕೇಳು.

ಇಂತಹ ಒಪ್ಪಿಸುವಿಕೆಗೆ ಇಲಾಖೆಯು ‘ಸ್ವೀಕರಿಸಿದೆವು, ಮುಗಿಯಿತು’ ಎಂಬ ಉತ್ತರವನ್ನು ಬರೆಯುವ ಪದ್ಧತಿಯಿಲ್ಲ. ಉಳಿದ ಲೆಕ್ಕಗಳಂತೆಯೇ ಅದೂ ಕಡತವನ್ನು ಸೇರುವುದು. ಪ್ರಶ್ನೆ ಬಂದರೂ ಬರಬಹುದು, ಬಾರದೆಯೂ ಇರಬಹುದು. ಜಮಾಬಂದಿಯ ಸಂಜೆ ಅಧಿಕಾರಿಯ ಹಸ್ತಾಕ್ಷರವನ್ನು ಕಂಡ ಮೇಲೆಯೇ ಊಟಕ್ಕೇಳುತ್ತಿದ್ದವರ ಮಗನಾದ ವೃದ್ಧರಿಗೆ ಇದು ಒಪ್ಪಿಗೆಯಾಗಲಿಲ್ಲ. ಬಹುದಿನಗಳವರೆಗೆ ಅಂಚೆಯವನು ಬೀದಿಯ ತಿರುವಿನಲ್ಲಿ ಕಂಡೊಡನೆ “ಆಸ್ಟಿನ್ನಿಂದ ಏನಾದರೂ ಬಂತೇನಪ್ಪಾ?” ಎಂದು ಕೇಳುತ್ತಿದ್ದರು. ಕಡೆಗೆ ಅಂಚೆಯ ರಸೀತಿಯನ್ನು ಮಗನಿಂದ ತೆಗೆದುಕೊಂಡು, ತಮ್ಮ ತಂದೆಯ ಕಾಲದ ಒಂದು ಕಡತದ ಹಾಳೆಗಳ ನಡುವೆ ಇಟ್ಟು, ದಾರವನ್ನು ಬಿಗಿದು ಕಟ್ಟಿದರು.